ಮಂಡಿಚಿಪ್ಪಿನ ಆಪರೇಷನ್ ಆಯಿತು, ಮುಂದಿನ ಎಂಟು ವಾರ?

ನಾಯಿಯ ಮಂಡಿಚಿಪ್ಪು ಜಾರುತ್ತಿದೆ ಎಂದು ಆಪರೇಷನ್ ಮಾಡಿಸಿ ಮನೆಗೆ ಕರೆತಂದವರ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಒಳಗೆ ಏನು ಮಾಡಿರುತ್ತಾರೆ ಎಂಬುದು ಮೊದಲು ತಿಳಿದಿದ್ದರೆ ಉಳಿದ ಉತ್ತರಗಳು ಬೇಗ ಅರ್ಥವಾಗುತ್ತವೆ.

ಮಂಡಿಚಿಪ್ಪು ಕೂರುವುದು ತೊಡೆಮೂಳೆಯ ಕೆಳತುದಿಯಲ್ಲಿರುವ ಹಳ್ಳದಲ್ಲಿ. ಪೊಮೆರೇನಿಯನ್, ಪಗ್, ಚಿವಾವಾ, ಯಾರ್ಕ್‌ಷೈರ್ ಟೆರಿಯರ್‌ನಂಥ ಸಣ್ಣ ತಳಿಗಳಲ್ಲಿ ಎಷ್ಟೋ ಸಲ ಆ ಹಳ್ಳ ಆಳವಿರುವುದಿಲ್ಲ. ಚಿಪ್ಪಿನಿಂದ ಇಳಿದು ಬರುವ ರಜ್ಜು ಕೆಳಗಿನ ಮೂಳೆಗೆ ಅಂಟುವ ಜಾಗವೂ ಒಳಮಗ್ಗುಲಿಗೆ ಸರಿದಿರುತ್ತದೆ. ಹಾಗಾಗಿ ಚಿಪ್ಪು ಒಳಕ್ಕೆ ಜಾರುತ್ತದೆ. ಎಷ್ಟು ಜಾರುತ್ತದೆ ಎಂಬುದನ್ನು ವೈದ್ಯರು ಒಂದರಿಂದ ನಾಲ್ಕು ಗ್ರೇಡ್‌ಗಳಲ್ಲಿ ಹೇಳುತ್ತಾರೆ, ಒಂದು ಎಂದರೆ ಕಡಿಮೆ, ನಾಲ್ಕು ಎಂದರೆ ತೀವ್ರ. ಸರ್ಜನ್ ಸಾಮಾನ್ಯವಾಗಿ ಹಳ್ಳವನ್ನು ಆಳ ಮಾಡುತ್ತಾರೆ. ರಜ್ಜು ಅಂಟಿದ ಮೂಳೆಯ ಉಬ್ಬನ್ನು ಕತ್ತರಿಸಿ, ಹೊರಕ್ಕೆ ಸರಿಸಿ, ಒಂದೆರಡು ಸಣ್ಣ ಪಿನ್ನು ಹೊಡೆದು, ಬೇಕೆನಿಸಿದರೆ ತಂತಿಯನ್ನೂ ಬಿಗಿದು ಕೂರಿಸುತ್ತಾರೆ. ಕೊನೆಗೆ ಕೀಲಿನ ಒಳಬದಿಯ ಬಿಗಿಯಾದ ಪದರವನ್ನು ಸಡಿಲಿಸಿ ಹೊರಬದಿಯದನ್ನು ಹೊಲಿದು ಬಿಗಿ ಮಾಡುತ್ತಾರೆ. ಇವುಗಳಲ್ಲಿ ಮನೆಯವರು ಕಾಯಬೇಕಾದದ್ದು ಮುಖ್ಯವಾಗಿ ಆ ಕತ್ತರಿಸಿ ಕೂರಿಸಿದ ಮೂಳೆಯನ್ನು. ನಾಯಿಗೆ ನೋವು ಎರಡು ವಾರದಲ್ಲಿ ಬಹುಪಾಲು ಇಳಿಯುತ್ತದೆ, ಮೂಳೆ ಕೂಡಿಕೊಳ್ಳಲು ಆರರಿಂದ ಎಂಟು ವಾರ ಬೇಕು. ನೋವಿಲ್ಲ, ಆದರೆ ಮೂಳೆ ಇನ್ನೂ ಕೂಡಿಲ್ಲ ಎನ್ನುವ ಈ ನಡುವಿನ ವಾರಗಳಲ್ಲೇ ಹೆಚ್ಚು ಕೆಡುವುದು.

ಪ್ರಶ್ನೆ: ನಮ್ಮ ಪೊಮೆರೇನಿಯನ್‌ಗೆ ನಾಲ್ಕು ವರ್ಷ, 5 ಕೆ.ಜಿ. ತೂಕ. ಮೂರನೇ ಗ್ರೇಡ್ ಎಂದು ಬಲ ಹಿಂಗಾಲಿಗೆ ಆಪರೇಷನ್ ಮಾಡಿದ್ದಾರೆ. ನಿನ್ನೆ ಮನೆಗೆ ಬಂತು. ಕಾಲು ಊರುತ್ತಿಲ್ಲ, ಪಾದದ ಹತ್ತಿರ ಊದಿದೆ, ಮಲವಿಸರ್ಜನೆ ಆಗಿಲ್ಲ. ತುಂಬಾ ಗಾಬರಿಯಾಗಿದೆ.
— ದಾವಣಗೆರೆಯ ಓದುಗರು

ಉತ್ತರ: ನೀವು ಬರೆದ ಮೂರೂ ಮೊದಲ ದಿನಗಳಲ್ಲಿ ಸಹಜ. ಮಂಡಿಯ ಸುತ್ತ ಸೇರಿದ ನೀರು ಎರಡನೇ ದಿನದಿಂದ ಐದನೇ ದಿನದೊಳಗೆ ಕೆಳಗಿಳಿದು ಹಿಮ್ಮಡಿಯ ಕೀಲಿನ ಬಳಿ ಮೆತ್ತಗೆ ಊದಿಕೊಳ್ಳುತ್ತದೆ, ವಾರ ಹತ್ತು ದಿನದಲ್ಲಿ ಇಳಿಯುತ್ತದೆ. ಆಪರೇಷನ್‌ಗೆ ಮುನ್ನ ಉಪವಾಸ, ಆಮೇಲೆ ಅರಿವಳಿಕೆ ಮತ್ತು ನೋವಿನ ಇಂಜೆಕ್ಷನ್. ಹೀಗಾಗಿ ಎರಡು ಮೂರು ದಿನ ಮಲ ಬರದಿರಬಹುದು. ಆದರೆ ಮೂತ್ರ ಹಾಗಲ್ಲ. 24 ಗಂಟೆಯಲ್ಲಿ ಒಮ್ಮೆಯೂ ಮೂತ್ರ ಮಾಡದಿದ್ದರೆ ಫೋನ್ ಮಾಡಿ. ಕಾಲಿಗೆ ಬ್ಯಾಂಡೇಜ್ ಇದ್ದರೆ ಮಾತ್ರ ಊತವನ್ನು ಸಹಜ ಎಂದು ಬಿಡಬೇಡಿ. ದಿನಕ್ಕೆ ಎರಡು ಸಲ ಬೆರಳುಗಳನ್ನು ನೋಡಿ. ನಡುವಿನ ಎರಡು ಉಗುರುಗಳು ಒಂದರಿಂದೊಂದು ದೂರ ಸರಿಯುತ್ತಿದ್ದರೆ, ಬೆರಳು ತಣ್ಣಗಿದ್ದರೆ, ಬ್ಯಾಂಡೇಜ್ ಬಿಗಿಯಾಗಿದೆ ಎಂದರ್ಥ. ಅಂದೇ ಬಿಚ್ಚಿಸಬೇಕು.

ಮೊದಲ ಮೂರು ದಿನ ಮಂಡಿಗೆ ಐಸ್ ಇಡಿ. ಐಸ್ ತುಂಡುಗಳನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ತೆಳು ಬಟ್ಟೆಯಲ್ಲಿ ಸುತ್ತಿ, ಮಂಡಿಯ ಮೇಲೆ 10 ನಿಮಿಷ, ದಿನಕ್ಕೆ ಮೂರು ನಾಲ್ಕು ಸಲ. ಐಸನ್ನು ನೇರವಾಗಿ ಚರ್ಮಕ್ಕೆ ಇಡಬಾರದು, ಆಪರೇಷನ್‌ಗೆಂದು ಕೂದಲು ಬೋಳಿಸಿದ ಚರ್ಮ ಬೇಗ ಸುಟ್ಟಂತಾಗುತ್ತದೆ. ನಾಲ್ಕನೇ ದಿನದಿಂದ, ಊತ ಇಳಿಯುತ್ತಿದ್ದರೆ, ಉಗುರು ಬೆಚ್ಚಗಿನ ಬಟ್ಟೆಯ ಶಾಖ ಸಾಕು. ನಿಮ್ಮ ಮುಂಗೈಗೆ ಹಿತವೆನಿಸುವಷ್ಟೇ ಬಿಸಿ.

ಗಾಯವನ್ನು ಬೆಳಿಗ್ಗೆ ಸಂಜೆ ನೋಡಿ, ಮುಟ್ಟಬೇಡಿ. ಅಂಚಿನಲ್ಲಿ ತುಸು ಕೆಂಪು, ಮೊದಲೆರಡು ದಿನ ಒಂದೆರಡು ಹನಿ ತಿಳಿಗೆಂಪು ನೀರು ಬರಬಹುದು. ನಾಲ್ಕನೇ ದಿನದ ನಂತರ ಕೆಂಪು ಹೆಚ್ಚುತ್ತಿದ್ದರೆ, ಮುಟ್ಟಿದರೆ ಬಿಸಿ ಇದ್ದರೆ, ಕೀವು ಬಂದರೆ, ಹೊಲಿಗೆಯ ನಡುವೆ ಬಾಯಿ ಬಿಟ್ಟರೆ ಕಾಯಬೇಡಿ. ಅರಿಶಿನ, ಕೊಬ್ಬರಿ ಎಣ್ಣೆ, ಬೇವಿನ ರಸ ಯಾವುದೂ ಬೇಡ. ಹಚ್ಚಿದ್ದೆಲ್ಲ ನಾಯಿಗೆ ನೆಕ್ಕುವ ನೆಪ, ಮೇಲೆ ಹೊಲಿಗೆ ಒದ್ದೆಯಾಗಿಯೇ ಉಳಿಯುತ್ತದೆ. ನಮ್ಮಲ್ಲಿ ನೊಣದ ಕಾಟವನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಅದರಲ್ಲೂ ಮಳೆಗಾಲದಲ್ಲಿ ಒದ್ದೆ ಗಾಯದ ಮೇಲೆ ನೊಣ ಮೊಟ್ಟೆಯಿಟ್ಟರೆ ಒಂದೆರಡು ದಿನದಲ್ಲೇ ಹುಳ ಬೀಳುತ್ತವೆ. ಹೊಲಿಗೆ ಬಿಚ್ಚುವವರೆಗೆ ನಾಯಿ ಮನೆಯೊಳಗೆ, ಸೊಳ್ಳೆಪರದೆಯ ಕಿಟಕಿ ಇರುವ ಕೋಣೆಯಲ್ಲಿರಲಿ.

ಕುತ್ತಿಗೆಯ ಕೋನ್ ತೆಗೆಯಬೇಡಿ. ಅದು ಮೂತಿಗಿಂತ ಒಂದೆರಡು ಅಂಗುಲ ಮುಂದಕ್ಕಿರಬೇಕು, ಇಲ್ಲದಿದ್ದರೆ ಮೆತ್ತನೆ ಮೈಯ ನಾಯಿ ಬಾಗಿ ಮಂಡಿ ಮುಟ್ಟಿಯೇ ಮುಟ್ಟುತ್ತದೆ. ಊಟದ ಹೊತ್ತಿಗೆ ನೀವು ಎದುರು ಕೂತಿದ್ದರೆ ಬಿಚ್ಚಬಹುದು. ರಾತ್ರಿ ಮಲಗುವಾಗ ಪಾಪ ಎಂದು ಬಿಚ್ಚಿದ ಮನೆಗಳಲ್ಲೇ ಬೆಳಿಗ್ಗೆ ಹೊಲಿಗೆ ಕಿತ್ತುಬಂದಿರುತ್ತದೆ. ಹೊಲಿಗೆ ತೆಗೆಯುವುದು 10ರಿಂದ 14ನೇ ದಿನಕ್ಕೆ. ಅದಾಗಿ ಎರಡು ಮೂರು ದಿನದವರೆಗೂ ಸ್ನಾನವಿಲ್ಲ.

ಹೊರಗೆ ಕರೆದೊಯ್ಯುವುದು ಮಲಮೂತ್ರಕ್ಕೆ ಮಾತ್ರ. ದಿನಕ್ಕೆ ಮೂರು ನಾಲ್ಕು ಸಲ, ಮೂರರಿಂದ ಐದು ನಿಮಿಷ. ಹೊಟ್ಟೆಯ ಕೆಳಗೆ ಟವೆಲ್ ಹಾಯಿಸಿ ಹಿಂಭಾಗಕ್ಕೆ ಆಸರೆ ಕೊಡಿ. ಎತ್ತಿ ಹಿಡಿಯುವುದಲ್ಲ, ಜಾರಿದರೆ ತಡೆಯುವಷ್ಟು. ಪೊಮೆರೇನಿಯನ್‌ಗಳಲ್ಲಿ ಶ್ವಾಸನಾಳ ದುರ್ಬಲವಾಗಿರುವುದು ಸಾಮಾನ್ಯ, ಆದ್ದರಿಂದ ಕುತ್ತಿಗೆ ಪಟ್ಟಿಗಿಂತ ಎದೆಗೆ ಹಾಕುವ ಹಾರ್ನೆಸ್ ಒಳ್ಳೆಯದು. ಎತ್ತಿಕೊಳ್ಳುವಾಗ ಒಂದು ಕೈ ಎದೆಯ ಕೆಳಗೆ, ಇನ್ನೊಂದು ಕೈ ಪೃಷ್ಠದ ಕೆಳಗೆ. ಮಂಡಿಯನ್ನು ಹಿಡಿಯಬೇಡಿ.

ಬೆರಳ ತುದಿ ಊರುವುದು ಮೊದಲ ವಾರದಲ್ಲಿ ಶುರುವಾಗಬೇಕು, ಎರಡನೇ ವಾರದ ಕೊನೆಗೆ ನಿಧಾನ ನಡಿಗೆಯಲ್ಲಿ ಬಹುತೇಕ ಹೆಜ್ಜೆಗಳಲ್ಲಿ ಕಾಲು ನೆಲ ಮುಟ್ಟಬೇಕು. ಆ ಹೊತ್ತಿಗೂ ಕಾಲನ್ನು ಪೂರ್ತಿ ಮೇಲೆತ್ತಿಕೊಂಡೇ ಇದ್ದರೆ ಸರ್ಜನ್‌ಗೆ ತೋರಿಸಿ.

ಪ್ರಶ್ನೆ: ಆಪರೇಷನ್ ಆಗಿ ಮೂರು ವಾರ. ನಮ್ಮ ಪಗ್ ಈಗ ಕುಂಟುವುದೇ ಇಲ್ಲ, ಓಡಬೇಕು ಎನ್ನುತ್ತಾನೆ. ಕ್ರೇಟ್‌ನಲ್ಲಿ ಕೂಡಿಹಾಕಿದರೆ ಬೊಗಳಿ ಬೊಗಳಿ ಅಪಾರ್ಟ್‌ಮೆಂಟ್‌ನವರೆಲ್ಲ ಕೇಳುತ್ತಿದ್ದಾರೆ. ಚೆನ್ನಾಗಿಯೇ ಇದ್ದಾನಲ್ಲ, ಬಿಟ್ಟರೆ ಏನಾಗುತ್ತದೆ?
— ಬೆಂಗಳೂರು, ಜಯನಗರದ ಓದುಗರು

ಉತ್ತರ: ದಯವಿಟ್ಟು ಬಿಡಬೇಡಿ. ಮೂರನೇ ವಾರದ ಮೂಳೆ ಎಂದರೆ ಮೇಲೆ ಗಟ್ಟಿ ಕಂಡರೂ ಸೆಂಟ್ರಿಂಗ್ ಬಿಚ್ಚಲಾಗದ ತಾರಸಿ. ತೊಡೆಯ ಮುಂಭಾಗದ ದೊಡ್ಡ ಸ್ನಾಯು ಮಂಡಿಚಿಪ್ಪಿನ ಮೂಲಕ, ರಜ್ಜಿನ ಮೂಲಕ, ನೇರವಾಗಿ ಆ ಕತ್ತರಿಸಿ ಕೂರಿಸಿದ ಉಬ್ಬನ್ನೇ ಎಳೆಯುತ್ತದೆ. ನಡೆಯುವಾಗ ಎಳೆತ ಕಡಿಮೆ. ಸೋಫಾಕ್ಕೆ ನೆಗೆಯುವಾಗ, ಮೆಟ್ಟಿಲು ಹತ್ತುವಾಗ, ಹಿಂಗಾಲ ಮೇಲೆ ನಿಂತು ಕುಣಿಯುವಾಗ ಆ ಸ್ನಾಯು ಒಂದೇ ಏಟಿಗೆ ಬಿಗಿಯುತ್ತದೆ. ಪಿನ್ನು ಬಾಗುತ್ತದೆ, ಇಲ್ಲವೇ ಮೂಳೆಯ ಉಬ್ಬೇ ಕಿತ್ತು ಮೇಲಕ್ಕೆ ಹೋಗುತ್ತದೆ. ಆಗ ಎರಡನೇ ಆಪರೇಷನ್ ಮೊದಲಿನದಕ್ಕಿಂತ ಕಷ್ಟ, ಯಾಕೆಂದರೆ ಪಿನ್ನು ಹಿಡಿಯಲು ಒಳ್ಳೆಯ ಮೂಳೆ ಅಲ್ಲಿ ಕಡಿಮೆ ಉಳಿದಿರುತ್ತದೆ.

ಪಗ್‌ಗೆ ಸುಮಾರು 3 ಅಡಿ ಉದ್ದ 2 ಅಡಿ ಅಗಲದ ಜಾಗ ಸಾಕು. ಎದ್ದು ನಿಲ್ಲಬೇಕು, ತಿರುಗಬೇಕು, ಕಾಲು ಚಾಚಿ ಮಲಗಬೇಕು, ಅಷ್ಟೇ. ಮೇಲೆ ಮುಚ್ಚಿರಬೇಕು. ತೆರೆದ ಕಟಕಟೆಯ ಅಂಚಿಗೆ ಮುಂಗಾಲಿಟ್ಟು ನಿಲ್ಲುವ ನಾಯಿಗೆ ಕಟಕಟೆ ಇದ್ದೂ ಪ್ರಯೋಜನವಿಲ್ಲ. ಬೊಗಳುವುದು ಬಹುತೇಕ ಒಂಟಿತನಕ್ಕೆ. ಬಾಲ್ಕನಿಯಲ್ಲೋ ಸ್ಟೋರ್ ರೂಮಿನಲ್ಲೋ ಇಡದೆ ನೀವು ಹೆಚ್ಚು ಹೊತ್ತು ಕೂರುವ ಕಡೆಯೇ ಕ್ರೇಟ್ ಇಡಿ. ಹೊರಗಿನ ಸದ್ದಿಗೆ ಕೆರಳುವುದಾದರೆ ಮೂರು ಬದಿಗೆ ಬೆಡ್‌ಶೀಟ್ ಹೊದಿಸಿ, ಪಗ್‌ಗೆ ಸೆಖೆ ತಡೆಯದ್ದರಿಂದ ಫ್ಯಾನ್ ಗಾಳಿಯ ಕಡೆ ತೆರೆದಿರಲಿ. ದಿನದ ಊಟದಲ್ಲೇ ಒಂದು ಪಾಲನ್ನು ಹಳೆಯ ಟವೆಲ್‌ನೊಳಗೆ ಸುತ್ತಿ, ಗಂಟು ಬಿಚ್ಚಿ ಹುಡುಕಿ ತಿನ್ನಲು ಕೊಡಿ. ಮೂಗಿಗೆ ಕೆಲಸ ಸಿಕ್ಕ ನಾಯಿ ಕಾಲಿಗೆ ಕೆಲಸ ಕೇಳುವುದು ಕಡಿಮೆ. ಇಷ್ಟಕ್ಕೂ ತಣಿಯದಿದ್ದರೆ ವೈದ್ಯರನ್ನು ಕೇಳಿ. ಟ್ರಾಜೊಡೋನ್, ಗ್ಯಾಬಾಪೆಂಟಿನ್‌ನಂಥ ಔಷಧಗಳನ್ನು ಇಂಥ ವಾರಗಳಿಗೆಂದೇ ಬರೆಯುತ್ತಾರೆ. ಅದರಲ್ಲಿ ಸಂಕೋಚ ಬೇಡ. ಒಂದು ಎಚ್ಚರಿಕೆ: ಮನುಷ್ಯರಿಗೆಂದು ಮಾಡಿದ ಗ್ಯಾಬಾಪೆಂಟಿನ್ ಸಿರಪ್‌ಗಳಲ್ಲಿ ಕೆಲವಕ್ಕೆ ಸಿಹಿಗೆಂದು ಕ್ಸೈಲಿಟಾಲ್ ಹಾಕಿರುತ್ತಾರೆ, ಅದು ನಾಯಿಗೆ ವಿಷ.

ಇನ್ನು ನೆಲ. ಗ್ರಾನೈಟ್, ವಿಟ್ರಿಫೈಡ್ ಟೈಲ್ಸ್, ಹಳೆ ಮನೆಗಳ ರೆಡ್ ಆಕ್ಸೈಡ್, ಇವೆಲ್ಲ ಈ ನಾಯಿಗಳಿಗೆ ಶತ್ರು. ಕ್ರೇಟ್‌ನಿಂದ ಬಾಗಿಲವರೆಗೆ ಯೋಗ ಮ್ಯಾಟ್ ಅಥವಾ ಕೆಳಗೆ ರಬ್ಬರ್ ಇರುವ ಚಾಪೆ ಹಾಸಿ, ಅಂಚಿಗೆ ಟೇಪ್ ಹಚ್ಚಿ. ಬರೀ ಬೆಡ್‌ಶೀಟ್ ಹಾಸಿದರೆ ಅದೇ ಜಾರುತ್ತದೆ. ನೆಲ ಒರೆಸಿ ಒಣಗುವವರೆಗೆ, ಬೆಳಿಗ್ಗೆ ಬಾಗಿಲಿಗೆ ನೀರು ಹಾಕಿ ಅಂಗಳ ಒಣಗುವವರೆಗೆ ನಾಯಿಯನ್ನು ಇಳಿಸಬೇಡಿ. ಉಗುರು ಕತ್ತರಿಸಿಡಿ, ಪಾದದ ಅಡಿಯ ಮೆತ್ತೆಗಳ ನಡುವೆ ಕೂದಲಿದ್ದರೆ ಅದನ್ನೂ. ಕಾಲಿಂಗ್ ಬೆಲ್ ಕೇಳಿದೊಡನೆ ಹಾರುವ ನಾಯಿಯಾದರೆ ಎಂಟು ವಾರ ಬೆಲ್‌ನ ಸ್ವಿಚ್ ಆರಿಸಿಡಿ. ದೀಪಾವಳಿ ಈ ಅವಧಿಯಲ್ಲೇ ಬಿದ್ದರೆ ಪಟಾಕಿಗೆ ಮುಂಚೆಯೇ ವೈದ್ಯರ ಜೊತೆ ಮಾತಾಡಿ ಔಷಧ ತಂದಿಡಿ. ಸದ್ದಿಗೆ ಬೆಚ್ಚಿ ಓಡಿದ ನಾಯಿಗೆ ಕಾಲಿನ ನೆನಪಿರುವುದಿಲ್ಲ.

ಪ್ರಶ್ನೆ: ಫಿಸಿಯೋಥೆರಪಿ ಕೇಂದ್ರ ನಮ್ಮ ಊರಲ್ಲಿಲ್ಲ. ಮನೆಯಲ್ಲೇ ಮಾಡುವ ವ್ಯಾಯಾಮ ವಾರವಾರಕ್ಕೆ ತಿಳಿಸುವಿರಾ? ತೊಡೆ ಸಣ್ಣಗಾಗಿದೆ.
— ಚಿಕ್ಕಮಗಳೂರಿನ ಓದುಗರು

ಉತ್ತರ: ತೊಡೆ ಸಣ್ಣಗಾಗುವುದು ಎಲ್ಲ ನಾಯಿಗೂ ಆಗುತ್ತದೆ, ವಾಪಸು ಬರಲು ತಿಂಗಳುಗಳು ಬೇಕು. ಈಗಲೇ ದರ್ಜಿಯ ಟೇಪಿನಿಂದ ಎರಡೂ ತೊಡೆಗಳ ಸುತ್ತಳತೆ ಒಂದೇ ಮಟ್ಟದಲ್ಲಿ ಅಳೆದು ಬರೆದಿಡಿ, ಎರಡು ವಾರಕ್ಕೊಮ್ಮೆ ಮತ್ತೆ ಅಳೆಯಿರಿ. ಕಣ್ಣಂದಾಜಿಗಿಂತ ಅದು ನಿಜ ಹೇಳುತ್ತದೆ.

ಮೊದಲ ವ್ಯಾಯಾಮ ಕೀಲನ್ನು ಮಡಿಸಿ ಬಿಡಿಸುವುದು. ನಿಮ್ಮ ಸರ್ಜನ್ ಒಪ್ಪಿದರೆ ಮೂರರಿಂದ ಐದನೇ ದಿನಕ್ಕೆ ಶುರು ಮಾಡಬಹುದು. ಮೊದಲು ಐದು ನಿಮಿಷ ಬೆಚ್ಚನೆ ಶಾಖ ಕೊಡಿ (ಮೊದಲ ಮೂರು ದಿನವಾದರೆ ಶಾಖ ಬೇಡ). ನಾಯಿಯನ್ನು ಮಗ್ಗುಲಾಗಿ, ಆಪರೇಷನ್ ಆದ ಕಾಲು ಮೇಲೆ ಬರುವಂತೆ ಮಲಗಿಸಿ. ಒಂದು ಕೈ ಮಂಡಿಯ ಮೇಲ್ಗಡೆ ತೊಡೆಗೆ, ಇನ್ನೊಂದು ಕೈ ಹಿಮ್ಮಡಿಯ ಹತ್ತಿರ. ಸೈಕಲ್ ತುಳಿಯುವ ದಿಕ್ಕಿನಲ್ಲಿ ನಿಧಾನ ಮಡಿಸಿ, ನಿಧಾನ ಬಿಡಿಸಿ. ನಾಯಿ ತಲೆ ತಿರುಗಿಸಿ ನೋಡಿದರೆ, ತುಟಿ ನೆಕ್ಕಿದರೆ, ಸ್ನಾಯು ಬಿಗಿ ಮಾಡಿದರೆ ಅದೇ ಮಿತಿ. ಆಚೆಗೆ ಒತ್ತಬೇಡಿ. ಹತ್ತು ಸಲ, ದಿನಕ್ಕೆ ಎರಡು ಮೂರು ಹೊತ್ತು. ಪಾದವನ್ನು ಒಳಕ್ಕೆ ತಿರುಚಬಾರದು. ಚಿಪ್ಪು ಜಾರುತ್ತಿದ್ದ ದಿಕ್ಕು ಅದೇ. ಚಿಪ್ಪು ನಿಂತಿದೆಯೇ ಎಂದು ಬೆರಳಿನಿಂದ ತಳ್ಳಿ ನೋಡುವ ಆಸೆಯನ್ನೂ ಬಿಡಿ, ಆ ಪರೀಕ್ಷೆ ಸರ್ಜನ್‌ದು.

ಎರಡನೆಯದು ನಡಿಗೆ, ಇದೇ ಅಸಲಿ ಔಷಧ. ಮೂರು ನಾಲ್ಕನೇ ವಾರ ದಿನಕ್ಕೆ ಮೂರು ಸಲ ಐದರಿಂದ ಹತ್ತು ನಿಮಿಷ, ಐದು ಆರನೇ ವಾರ ಹತ್ತರಿಂದ ಹದಿನೈದು ನಿಮಿಷ. ಬೆಲ್ಟ್ ಕುಳ್ಳಗಿರಲಿ, ಉದ್ದ ಬಿಟ್ಟು ಎಳೆಯುವ ನಮೂನೆಯದು ಬೇಡ. ನಾಯಿ ಅವಸರದಿಂದ ನಡೆದರೆ ಮೂರೇ ಕಾಲಲ್ಲಿ ಕೆಲಸ ಮುಗಿಸುತ್ತದೆ, ನಿಧಾನವಾದರೆ ನಾಲ್ಕನೆಯದನ್ನು ಊರದೆ ಗತ್ಯಂತರವಿಲ್ಲ. ಕಾಲೆತ್ತಿಕೊಂಡು ಕುಪ್ಪಳಿಸಿದೊಡನೆ ನಿಲ್ಲಿಸಿ, ಇನ್ನೂ ನಿಧಾನ ಮಾಡಿ. ಮಣ್ಣಿನ ದಾರಿ, ಗಿಡ್ಡ ಹುಲ್ಲು ಒಳ್ಳೆಯದು. ನಡೆದ ಮಾರನೇ ದಿನ ಕುಂಟು ಹೆಚ್ಚಿದ್ದರೆ ಹಿಂದಿನ ಅವಧಿಗೆ ಇಳಿಸಿ, ಮೂರು ದಿನ ಅಲ್ಲೇ ಇರಿ.

ನಾಲ್ಕನೇ ವಾರದಿಂದ ಕೂತು ಏಳಿಸುವುದನ್ನು ಸೇರಿಸಬಹುದು. ಗೋಡೆಯ ಪಕ್ಕ, ಆಪರೇಷನ್ ಆದ ಕಾಲು ಗೋಡೆ ಕಡೆ ಬರುವಂತೆ ನಿಲ್ಲಿಸಿ. ಇಲ್ಲದಿದ್ದರೆ ಆ ಕಾಲನ್ನು ಪಕ್ಕಕ್ಕೆ ಚಾಚಿ ಸೋಮಾರಿಯಾಗಿ ಕೂರುತ್ತದೆ. ಐದು ಸಲದಿಂದ ಶುರು ಮಾಡಿ ಹತ್ತಕ್ಕೆ ಏರಿಸಿ. ಇಳಿಜಾರು ದಾರಿ ಹತ್ತಿಸುವುದು, ನೆಲದ ಮೇಲೆ ಸಾಲಾಗಿ ಇಟ್ಟ ಕೋಲುಗಳನ್ನು ದಾಟಿಸುವುದು, ಇವು ಎಕ್ಸ್-ರೇ ನೋಡಿ ಮೂಳೆ ಕೂಡಿದೆ ಎಂದ ಮೇಲೆ. ಕೋಲಿನ ಎತ್ತರ ಹಿಮ್ಮಡಿ ಕೀಲಿಗಿಂತ ಕೆಳಗಿರಲಿ. ಈಜಿಸುವುದೂ ಆಗಲೇ. ನೀರಲ್ಲಿ ನಾಯಿ ಮಂಡಿಯನ್ನು ಜೋರಾಗಿ ಒದೆಯುತ್ತದೆ. ಕೆರೆ, ಕಾಫಿ ತೋಟದ ಹೊಂಡಕ್ಕೆ ಇಳಿಸುವುದಾದರೆ ಇಲಿಜ್ವರದ ಲಸಿಕೆ ಆಗಿರಲಿ.

ಪ್ರಶ್ನೆ: ಕೊಟ್ಟಿದ್ದ ಮೆಲಾಕ್ಸಿಕಾಮ್ ಮುಗಿದಿದೆ. ನಮ್ಮ ಅತ್ತೆಯವರು ಮಂಡಿನೋವಿಗೆ ಅದೇ ಹೆಸರಿನ ಮಾತ್ರೆ ತೆಗೆದುಕೊಳ್ಳುತ್ತಾರೆ. ಅದರಲ್ಲೇ ಅರ್ಧ ಕೊಡಬಹುದೇ?
— ಹುಬ್ಬಳ್ಳಿಯ ಓದುಗರು

ಉತ್ತರ: ಕೊಡಬೇಡಿ. ಲೆಕ್ಕ ನೋಡಿ. ನಾಯಿಗೆ ಮೆಲಾಕ್ಸಿಕಾಮ್ ಸಾಮಾನ್ಯ ಪ್ರಮಾಣ ಮೊದಲ ದಿನ ಕೆ.ಜಿ.ಗೆ 0.2 ಮಿ.ಗ್ರಾಂ., ಆಮೇಲೆ ದಿನಕ್ಕೊಮ್ಮೆ 0.1 ಮಿ.ಗ್ರಾಂ. 5 ಕೆ.ಜಿ. ನಾಯಿಗೆ ದಿನಕ್ಕೆ ಅರ್ಧ ಮಿ.ಗ್ರಾಂ. ಆಯಿತು. ಮನುಷ್ಯರ ಮಾತ್ರೆ 7.5 ಅಥವಾ 15 ಮಿ.ಗ್ರಾಂ. 15ರ ಅರ್ಧ ಕೊಟ್ಟರೂ ಹದಿನೈದು ಪಟ್ಟು. ಹೊಟ್ಟೆಯಲ್ಲಿ ಹುಣ್ಣಾಗಿ ಒಡೆಯಬಹುದು, ಮೂತ್ರಪಿಂಡ ಕೈಕೊಡಬಹುದು. ಐಬುಪ್ರೊಫೆನ್, ಡೈಕ್ಲೋಫೆನಾಕ್ ಯಾವ ಪ್ರಮಾಣದಲ್ಲೂ ಬೇಡ. ಡೈಕ್ಲೋಫೆನಾಕನ್ನು ಪಶುಚಿಕಿತ್ಸೆಗೆ ಬಳಸುವುದನ್ನು ರಣಹದ್ದುಗಳ ಸಾವಿನ ಕಾರಣಕ್ಕೆ ನಮ್ಮ ದೇಶದಲ್ಲಿ 2006ರಲ್ಲೇ ನಿಷೇಧಿಸಲಾಗಿದೆ. ನಾಯಿಯ ಹೊಟ್ಟೆಗೂ ಅದು ಆಗದು. ಪ್ಯಾರಸಿಟಮಾಲನ್ನೂ ನೀವಾಗಿ ಕೊಡಬೇಡಿ.

ನಾಯಿಗೆಂದು ಬರೆದ ಔಷಧವನ್ನೂ ಊಟದ ಜೊತೆಗೇ ಕೊಡಿ. ವಾಂತಿ, ಭೇದಿ, ಊಟ ಬಿಡುವುದು, ಡಾಂಬರಿನಂತೆ ಕಪ್ಪು ಮಲ, ಇವುಗಳಲ್ಲಿ ಒಂದು ಕಂಡರೂ ನಿಲ್ಲಿಸಿ ವೈದ್ಯರಿಗೆ ತಿಳಿಸಿ. ಚರ್ಮದ ತುರಿಕೆಗೆಂದು ಪ್ರೆಡ್ನಿಸೋಲೋನ್‌ನಂಥ ಸ್ಟೀರಾಯ್ಡ್ ನಡೆಯುತ್ತಿದ್ದರೆ ಅದನ್ನು ಮುಚ್ಚಿಡದೆ ಹೇಳಿ, ಎರಡೂ ಕೂಡಿದರೆ ಹೊಟ್ಟೆಯಲ್ಲಿ ಹುಣ್ಣಾಗುವ ಅಪಾಯ ತುಂಬಾ ಹೆಚ್ಚುತ್ತದೆ. ಔಷಧ ಮುಗಿದ ಮೇಲೂ ರಾತ್ರಿ ನಿದ್ದೆಯಿಲ್ಲ, ಏದುಸಿರು, ಮುಟ್ಟಲು ಬಂದರೆ ಗುರ್ರೆನ್ನುವುದು ಇದ್ದರೆ ನೋವು ಉಳಿದಿದೆ ಎಂದು ತಿಳಿದು ಮತ್ತೆ ಬರೆಸಿಕೊಳ್ಳಿ.

ಪ್ರಶ್ನೆ: ಐದನೇ ವಾರದವರೆಗೆ ಚೆನ್ನಾಗಿ ನಡೆಯುತ್ತಿದ್ದಳು. ಎರಡು ದಿನದಿಂದ ಮತ್ತೆ ಕಾಲೆತ್ತುತ್ತಿದ್ದಾಳೆ. ಮಂಡಿಯ ಕೆಳಗೆ ಮುಂಭಾಗದಲ್ಲಿ ಕಡಲೆಕಾಳಿನಷ್ಟು ಗಂಟು ಸಿಗುತ್ತದೆ.
— ಪುತ್ತೂರಿನ ಓದುಗರು

ಉತ್ತರ: ಸರಿಯಾಗುತ್ತಾ ಬಂದ ಕಾಲು ಹಿಂದಕ್ಕೆ ಹೋದರೆ ಅದನ್ನು ಯಾವತ್ತೂ "ಸ್ವಲ್ಪ ಉಳುಕಿರಬೇಕು" ಎಂದು ಬಿಡಬಾರದು. ನೀವು ಹೇಳಿದ ಜಾಗ ಪಿನ್ನು ಹೊಡೆದ ಜಾಗ. ಪಿನ್ನು ಸಡಿಲವಾಗಿ ಹೊರಕ್ಕೆ ಬರುತ್ತಿರುವ ಸಾಧ್ಯತೆ ಹೆಚ್ಚು. ಅದರ ತುದಿ ಚರ್ಮದಡಿ ಉಜ್ಜಿ ಮೇಲೆ ನೀರು ತುಂಬಿದ ಗಂಟಾಗುತ್ತದೆ. ಒತ್ತಬೇಡಿ, ಶಾಖ ಕೊಡಬೇಡಿ. ಈ ವಾರವೇ ಎಕ್ಸ್-ರೇ ಆಗಲಿ. ಮೂಳೆ ಕೂಡಿದ್ದರೆ ಪಿನ್ನು ತೆಗೆದುಬಿಡುವುದು ಚಿಕ್ಕ ಕೆಲಸ, ಕೂಡಿರದಿದ್ದರೆ ಬದಲಿ ಆಧಾರ ಬೇಕಾಗಬಹುದು.

ಬೇರೆ ಕಾರಣಗಳೂ ಇವೆ, ಅವನ್ನು ಬೇರೆ ಓದುಗರೂ ಗುರುತಿಟ್ಟುಕೊಳ್ಳಲಿ. ನೆಗೆದ ಮರುಕ್ಷಣವೇ ಕಿರುಚಿ ಕಾಲು ಪೂರ್ತಿ ಬಿಟ್ಟರೆ, ಊರಲು ಹೋದಾಗ ಮಂಡಿ ಕುಸಿದರೆ, ಮೂಳೆಯ ಉಬ್ಬು ಕಿತ್ತಿರಬಹುದು. ಅದು ಅಂದೇ ನೋಡಬೇಕಾದ ಸಂಗತಿ. ನಾಲ್ಕಾರು ಹೆಜ್ಜೆ ಸರಿಯಾಗಿ ನಡೆದು ಒಂದು ಹೆಜ್ಜೆ ಕುಪ್ಪಳಿಸಿ, ಕಾಲು ಹಿಂದಕ್ಕೆ ಒದರಿ ಮತ್ತೆ ಸರಿಯಾಗುವುದು, ಅಂದರೆ ಆಪರೇಷನ್‌ಗೆ ಮುಂಚಿನ ಅದೇ ನಡಿಗೆ, ಚಿಪ್ಪು ಮತ್ತೆ ಜಾರುತ್ತಿರುವುದರ ಲಕ್ಷಣ. ಆ ನಡಿಗೆಯನ್ನು ಪಕ್ಕದಿಂದಲೂ ಹಿಂದಿನಿಂದಲೂ ಮೊಬೈಲ್‌ನಲ್ಲಿ ವಿಡಿಯೋ ಮಾಡಿ. ಆಸ್ಪತ್ರೆಗೆ ಹೋದಾಗ ಭಯಕ್ಕೆ ಎಷ್ಟೋ ನಾಯಿಗಳು ಕುಂಟುವುದನ್ನೇ ನಿಲ್ಲಿಸುತ್ತವೆ. ಮಧ್ಯವಯಸ್ಸು ದಾಟಿದ ನಾಯಿಯಲ್ಲಿ ಅದೇ ಮಂಡಿಯೊಳಗಿನ ಅಡ್ಡ ಅಸ್ಥಿರಜ್ಜು ಹರಿದಿರಲೂಬಹುದು. ವರ್ಷಗಟ್ಟಲೆ ಚಿಪ್ಪು ಜಾರಿದ ಮಂಡಿಯಲ್ಲಿ ಅದಕ್ಕೆ ಹೆಚ್ಚು ಭಾರ ಬಿದ್ದಿರುತ್ತದೆ. ಮೈ ಬಿಸಿ, ಮಂಡಿ ಬಿಸಿ, ಊಟವಿಲ್ಲ ಎಂದಾದರೆ ಸೋಂಕು. ನಾಯಿಯ ಸಹಜ ಉಷ್ಣತೆ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್, ಗುದದ್ವಾರದಲ್ಲಿ ಥರ್ಮಾಮೀಟರ್ ಇಟ್ಟು ನೋಡಿದಾಗ 103 ದಾಟಿದ್ದರೆ ತಡ ಮಾಡಬೇಡಿ.

ಪ್ರಶ್ನೆ: ಮುಧೋಳ ನಾಯಿ, ಎರಡು ವರ್ಷ. ಬೈಕ್ ಬಡಿದು ಮಂಡಿಚಿಪ್ಪು ಸರಿದಿತ್ತು, ಆಪರೇಷನ್ ಮಾಡಿಸಿದೆವು. ಹತ್ತನೇ ದಿನಕ್ಕೆ 104 ಡಿಗ್ರಿ ಜ್ವರ, ಊಟ ಬಿಟ್ಟಿದೆ. ಗಾಯ ಮಾತ್ರ ಒಣಗಿ ಚೆನ್ನಾಗಿದೆ.
— ಬಾಗಲಕೋಟೆ ಜಿಲ್ಲೆಯ ಓದುಗರು

ಉತ್ತರ: ಗಾಯ ಚೆನ್ನಾಗಿದ್ದು ಜ್ವರ ಬಂದಿದೆ ಎಂದರೆ ನಮ್ಮ ಕಡೆ ಮೊದಲು ಅನುಮಾನಿಸಬೇಕಾದದ್ದು ಉಣ್ಣಿ ಜ್ವರ, ಅಂದರೆ ನಾಯಿಯ ರಕ್ತ ಹೀರುವ ಉಣ್ಣಿ ಕಚ್ಚಿ ಬರುವ ಜ್ವರ. ಆಪರೇಷನ್‌ನ ಆಯಾಸದಲ್ಲಿ ಮೈಯೊಳಗೆ ಅಡಗಿದ್ದ ಎರ್ಲಿಕಿಯಾ ಅಥವಾ ಬೆಬೆಸಿಯಾ ಎಂಬ ರೋಗಾಣು ತಲೆಯೆತ್ತುತ್ತದೆ. ವಸಡು ಬಿಳಿಚಿದೆಯೇ, ಹೊಟ್ಟೆಯ ಚರ್ಮದಲ್ಲಿ ಕೆಂಪು ಚುಕ್ಕಿಗಳಿವೆಯೇ, ಮೂಗಿನಿಂದ ರಕ್ತ ಬರುತ್ತಿದೆಯೇ, ಮೂತ್ರ ಕಾಫಿ ಬಣ್ಣವಿದೆಯೇ ನೋಡಿ. ಇಂದೇ ರಕ್ತಪರೀಕ್ಷೆ ಆಗಬೇಕು, ಪ್ಲೇಟ್‌ಲೆಟ್ ಎಣಿಕೆ ಮತ್ತು ಗಾಜಿನ ಮೇಲೆ ಸವರಿದ ರಕ್ತದ ಸ್ಮಿಯರ್ ಎರಡೂ. ವರದಿ ಬರುವವರೆಗೆ ನೋವಿನ ಮಾತ್ರೆ ಮುಂದುವರಿಸಬೇಕೇ ಎಂದು ವೈದ್ಯರನ್ನು ಕೇಳದೆ ಕೊಡಬೇಡಿ. ಪ್ಲೇಟ್‌ಲೆಟ್ ಕುಸಿದಿರುವಾಗ ಆ ಮಾತ್ರೆಗಳು ರಕ್ತಸ್ರಾವ ಹೆಚ್ಚಿಸಬಹುದು. ಎರ್ಲಿಕಿಯಾ ಎಂದಾದರೆ ಡಾಕ್ಸಿಸೈಕ್ಲಿನ್ ಸಾಮಾನ್ಯವಾಗಿ 28 ದಿನ. ಮೂರನೇ ದಿನಕ್ಕೆ ಜ್ವರ ಬಿಟ್ಟಿತೆಂದು ನಿಲ್ಲಿಸಿದರೆ ಮತ್ತೆ ಬರುತ್ತದೆ. ಬೆಬೆಸಿಯಾಕ್ಕೆ ಬೇರೆ ಇಂಜೆಕ್ಷನ್. ಪರೀಕ್ಷೆಯಲ್ಲಿ ಏನೂ ಸಿಗದಿದ್ದರೆ ಕೀಲಿನೊಳಗೆ ಸೋಂಕು ಇದೆಯೇ ನೋಡಬೇಕು. ಹೊರಗಿನ ಗಾಯ ಒಣಗಿದ್ದರೂ ಒಳಗೆ ಅದು ಇರಬಹುದು.

ಓಡಲೆಂದೇ ಬೆಳೆಸಿದ ತಳಿಯಾದ್ದರಿಂದ ಇನ್ನೊಂದು ಮಾತು. ಮುಧೋಳದ ಮೈಮೇಲೆ ಕೊಬ್ಬೂ ಕೂದಲೂ ಕಡಿಮೆ. ವಾರಗಟ್ಟಲೆ ಗಟ್ಟಿ ನೆಲದ ಮೇಲೆ ಮಲಗಿದರೆ ಮೊಣಕೈ, ಸೊಂಟದ ಮೂಳೆಯ ಮೇಲೆ ಹುಣ್ಣಾಗುತ್ತದೆ. ಗೋಣಿಚೀಲದೊಳಗೆ ಹುಲ್ಲು ತುಂಬಿ ದಪ್ಪ ಹಾಸಿಗೆ ಮಾಡಿ, ಒದ್ದೆಯಾದರೆ ಬದಲಿಸಿ. ಹಾಸಿಗೆಯ ಮೂಲೆಗಳಲ್ಲಿ ಉಣ್ಣಿ ಕೂರದಂತೆ ವಾರಕ್ಕೊಮ್ಮೆ ಬಿಸಿಲಿಗೆ ಹಾಕಿ.

ಪ್ರಶ್ನೆ: ಮೂಳೆ ಬೇಗ ಕೂಡಲಿ ಎಂದು ಕ್ಯಾಲ್ಸಿಯಂ ಸಿರಪ್, ರಾಗಿ ಗಂಜಿ, ಮೂಳೆ ಸೂಪ್ ಕೊಡುತ್ತಿದ್ದೇವೆ. ಸಾಕೇ?
— ಮಂಡ್ಯದ ಓದುಗರು

ಉತ್ತರ: ಬಹುಶಃ ಹೆಚ್ಚೇ ಆಗಿದೆ. ಕಂಪನಿಯ ಪೂರ್ಣ ಆಹಾರ ತಿನ್ನುವ ನಾಯಿಗೆ ಮೇಲಿಂದ ಕ್ಯಾಲ್ಸಿಯಂ ಹಾಕಿದರೆ ಮೂಳೆ ಬೇಗ ಕೂಡುವುದಿಲ್ಲ. ದೊಡ್ಡ ತಳಿಯ ಮರಿಗಳಲ್ಲಿ ಅದು ಮೂಳೆಯ ಬೆಳವಣಿಗೆಯನ್ನೇ ಕೆಡಿಸುತ್ತದೆ. ಅನ್ನ ಮತ್ತು ಮೂಳೆಯಿಲ್ಲದ ಕೋಳಿ ಮಾತ್ರ ತಿನ್ನುವ ನಾಯಿಗಾದರೆ ಕ್ಯಾಲ್ಸಿಯಂ ಕೊರತೆ ನಿಜ. ಅದನ್ನು ತೂಕಕ್ಕೆ ತಕ್ಕ ಅಳತೆಯಲ್ಲಿ ವೈದ್ಯರು ಬರೆಯಲಿ. ರಾಗಿಯಲ್ಲಿ 100 ಗ್ರಾಂಗೆ ಸುಮಾರು 340 ಮಿ.ಗ್ರಾಂ. ಕ್ಯಾಲ್ಸಿಯಂ ಇದೆ, ಒಳ್ಳೆಯದೇ, ಆದರೆ ಅದರೊಂದಿಗೆ ಪಿಷ್ಟವೂ ಬರುತ್ತದೆ. ಬೇಯಿಸಿದ ಕೋಳಿ ಮೂಳೆ ಚೂಪಾಗಿ ಸೀಳುತ್ತದೆ, ಸೂಪಿನಲ್ಲೂ ಚೂರು ಉಳಿಯದಿರಲಿ. ಈರುಳ್ಳಿ ಹಾಕಿದ ಸೂಪ್ ಬೇಡವೇ ಬೇಡ.

ಈ ವಾರಗಳಲ್ಲಿ ನಿಜವಾಗಿ ನೋಡಬೇಕಾದದ್ದು ತೂಕ. 5 ಕೆ.ಜಿ. ನಾಯಿಗೆ ವಿಶ್ರಾಂತಿಯಲ್ಲಿ ದಿನಕ್ಕೆ ಸುಮಾರು 280 ಕ್ಯಾಲೊರಿ ಸಾಕು, ಓಡಾಡುವ ದಿನಗಳಲ್ಲಿ 370ರ ಸುಮಾರು ಬೇಕಿತ್ತು. ಅಂದರೆ ಊಟ ಕಾಲುಭಾಗ ಇಳಿಯಬೇಕು. ನಾಲ್ಕು ಗ್ಲೂಕೋಸ್ ಬಿಸ್ಕತ್ತು ಎಂದರೆ ನೂರು ಕ್ಯಾಲೊರಿಯ ಆಸುಪಾಸು, ದಿನದ ಪಾಲಿನ ಮೂರನೇ ಒಂದು. ಬಾಯಾಡಿಸಲು ಬೇಯಿಸಿದ ಬೀನ್ಸ್, ಸೌತೆಕಾಯಿ ಚೂರು ಕೊಡಿ. ಪಕ್ಕೆಲುಬು ಕಣ್ಣಿಗೆ ಕಾಣದೆ, ಒತ್ತದೆಯೇ ಕೈಗೆ ಸಿಗುವಂತಿದ್ದರೆ ತೂಕ ಸರಿಯಿದೆ.

ಪ್ರಶ್ನೆ: ಎಡಗಾಲಿನ ಚಿಪ್ಪೂ ಜಾರುತ್ತದಂತೆ. ಅದಕ್ಕೆ ಯಾವಾಗ? ವಾಸಿಯಾದ ಮೇಲೆ ಒಂದು ಸಲ ಮರಿ ಹಾಕಿಸಬೇಕೆಂದಿದ್ದೇವೆ.
— ಪುಣೆಯ ಕನ್ನಡ ಓದುಗರು

ಉತ್ತರ: ಎರಡೂ ಕಾಲಲ್ಲಿ ಇರುವುದು ಸಾಮಾನ್ಯ. ಒಂದನೇ ಗ್ರೇಡ್, ಕುಂಟಿಲ್ಲ ಎಂದಾದರೆ ಆಪರೇಷನ್ ಬೇಡದಿರಬಹುದು, ನೋಡಿಕೊಂಡಿರಿ. ಬೇಕೆಂದಾದರೆ ಮೊದಲ ಕಾಲು ಪೂರ್ತಿ ಭಾರ ಹೊರುವಂತಾದ ಮೇಲೆ, ಸಾಮಾನ್ಯವಾಗಿ ಎಂಟು ವಾರದ ಆಚೆ. ಮರಿ ಹಾಕಿಸುವುದು ಬೇಡ. ಇದು ವಂಶದಲ್ಲಿ ಬರುವ ದೋಷ. ಆಪರೇಷನ್ ಕಾಲನ್ನು ಸರಿಮಾಡಿತು, ರಕ್ತದಲ್ಲಿರುವುದು ಹಾಗೆಯೇ ಇದೆ. ಸಂತಾನಹರಣ ಮಾಡಿಸಿ, ಮರಿ ಕೊಟ್ಟವರಿಗೂ ವಿಷಯ ತಿಳಿಸಿ.

ಪ್ರಶ್ನೆ: ಎಂಟನೇ ವಾರದ ಎಕ್ಸ್-ರೇಗೆ ಬೆಂಗಳೂರಿಗೇ ಹೋಗಬೇಕೇ? ಪಿನ್ನು ತೆಗೆಸಬೇಕೇ? ಆಮೇಲೆ ಬಿಟ್ಟುಬಿಡಬಹುದೇ?
— ಸಾಗರದ ಓದುಗರು

ಉತ್ತರ: ಎಕ್ಸ್-ರೇ ಹತ್ತಿರದಲ್ಲೇ ಆಗಲಿ. ನಿಮಗೆ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜು ಹತ್ತಿರ. ಹೆಬ್ಬಾಳ, ಹಾಸನ, ಬೀದರ್‌ನಲ್ಲೂ ಇಂಥ ಕಾಲೇಜುಗಳಿವೆ. ಮಂಡಿಯ ಮುಂದಿನಿಂದ ಒಂದು, ಪಕ್ಕದಿಂದ ಒಂದು, ಹೀಗೆ ಎರಡು ಚಿತ್ರ ತೆಗೆಸಿ, ಡಿಜಿಟಲ್ ಪ್ರತಿಯನ್ನೇ ಆಪರೇಷನ್ ಮಾಡಿದ ಸರ್ಜನ್‌ಗೆ ಕಳಿಸಿ. ಫಿಲ್ಮನ್ನು ಕಿಟಕಿಗೆ ಹಿಡಿದು ಮೊಬೈಲ್‌ನಲ್ಲಿ ತೆಗೆದ ಫೋಟೋದಲ್ಲಿ ಮೂಳೆಯ ಸಣ್ಣ ಗೆರೆ ಕಾಣುವುದಿಲ್ಲ. ಆದರೆ ಚಿಪ್ಪು ಹಳ್ಳದಲ್ಲಿ ಗಟ್ಟಿಯಾಗಿ ನಿಲ್ಲುತ್ತದೆಯೇ ಎಂಬುದನ್ನು ಕೈಯಿಂದಲೇ ನೋಡಬೇಕು, ಅದನ್ನು ಎಕ್ಸ್-ರೇ ತೆಗೆಸಿದ ಕಡೆಯೇ ಪಶುವೈದ್ಯರಿಂದ ಮಾಡಿಸಿ. ಪಿನ್ನು ತೊಂದರೆ ಕೊಡದಿದ್ದರೆ ಜೀವನಪೂರ್ತಿ ಒಳಗೇ ಇರಬಹುದು.

ಮೂಳೆ ಕೂಡಿದೆ ಎಂದ ದಿನವೇ ತೋಟಕ್ಕೆ ಬಿಡಬೇಡಿ. ಮೂಳೆ ಸಿದ್ಧವಾಗಿದೆ, ತೊಡೆಯ ಸ್ನಾಯು ಇನ್ನೂ ಸಿದ್ಧವಾಗಿಲ್ಲ. ಒಂಬತ್ತನೇ ವಾರದಿಂದ ಬೆಲ್ಟ್‌ನಲ್ಲೇ 20 ನಿಮಿಷ, ಆಮೇಲೆ 30, ಮೆಟ್ಟಿಲು ಒಂದೊಂದಾಗಿ ನಿಧಾನ, ಸಣ್ಣ ಏರು. ಬೆಲ್ಟ್ ಬಿಚ್ಚಿ ಓಡಿಸುವುದು, ಇನ್ನೊಂದು ನಾಯಿಯ ಜೊತೆ ಆಟ, ಚೆಂಡು ಎಸೆಯುವುದು 12ನೇ ವಾರದ ನಂತರ. ಚೆಂಡಿನಾಟ ಎಲ್ಲಕ್ಕಿಂತ ಕೊನೆಗೆ. ಓಡುತ್ತಾ ಗಕ್ಕನೆ ನಿಂತು ತಿರುಗುವಾಗ ಮಂಡಿ ತಿರುಚಿಕೊಳ್ಳುತ್ತದೆ. ನಿಮ್ಮದು ಜಗಲಿ ಎತ್ತರದ ಮನೆಯಾಗಿದ್ದರೆ ಒಂದು ಹಲಗೆಗೆ ಗೋಣಿ ಹೊಡೆದು ಇಳಿಜಾರು ಮಾಡಿ ಜಗಲಿಗೆ ಒರಗಿಸಿ ಖಾಯಂ ಇಟ್ಟುಬಿಡಿ.